ಜೇನು, ಪ್ಲಾಸ್ಮಾ ಮತ್ತು ದೊಡ್ಡಮ್ಮನ ಅಂಗಾಲು

ಮಧುಗಿರಿಯ ಪಕ್ಕದ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನ ಬಲ ಅಂಗಾಲಿಗೆ ಕಳೆದ ವರ್ಷ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿತು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರನೆಯ ದಿನ ಪಡಸಾಲೆಯ ನೆಲದ ಮೇಲೆ ಒಂದೇ ಕಾಲಿನ ಒದ್ದೆ ಹೆಜ್ಜೆಗಳು ಮೂಡಿರುವುದನ್ನು ಸೊಸೆ ನೋಡಿದಾಗಲೇ ವಿಷಯ ಬಯಲಾದದ್ದು. ಹನ್ನೊಂದು ವರ್ಷ ಸಕ್ಕರೆ ಕಾಯಿಲೆಯ ಜೊತೆ ಬಾಳಿದ ಕಾಲು ನೋವನ್ನು ಹೇಳುವುದನ್ನೇ ಬಿಟ್ಟಿರುತ್ತದೆ. ಅರಿಶಿನ ಹಚ್ಚಿದರು, ಬೇವಿನ ಎಣ್ಣೆ ಹಚ್ಚಿದರು, ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದರು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ.

ಆಗ ಬೆಂಗಳೂರಿನಲ್ಲಿರುವ ಮೊಮ್ಮಗ ಒಂದು ವಿಡಿಯೊ ಕಳಿಸಿದ. ಪೆನ್ನಿನಂಥ ಸಾಧನದ ತುದಿಯಿಂದ ನೇರಳೆ ಬಣ್ಣದ ಪುಟ್ಟ ಜ್ವಾಲೆ ಹೊರಬಂದು ಗಾಯದ ಮೇಲೆ ಓಡಾಡುತ್ತದೆ. ಅದರ ಬೆನ್ನಿಗೇ ಚಮಚದಿಂದ ಜೇನು ಸುರಿಯುತ್ತದೆ. ಎರಡೂ ಸೇರಿದರೆ ಎಂಥ ಗಾಯವೂ ಮಾಯುತ್ತದೆ ಎಂಬ ಬರಹ ತೆರೆಯ ಮೇಲೆ. ದೊಡ್ಡಮ್ಮ ನನಗೆ ಫೋನ್ ಮಾಡಿದರು. "ಜೇನು ನಮ್ಮ ಬೆಟ್ಟದಲ್ಲೇ ಇದೆಯಲ್ಲಪ್ಪ. ಆ ಪ್ಲಾಸ್ಮಾ ಎಲ್ಲಿ ಸಿಗುತ್ತದೆ ವಿಚಾರಿಸು. ಕೊರೊನಾ ಬಂದಾಗ ಕೊಡುತ್ತಿದ್ದರಲ್ಲ, ಅದೇ ತಾನೇ?"

ಅದೇ ಅಲ್ಲ. ಬೆಟ್ಟದಲ್ಲಿರುವ ಜೇನು ಕೂಡ ಪ್ರಯೋಗಾಲಯದವರು ಹೇಳುವ ಜೇನಲ್ಲ. ಆದರೆ ಈ ಎರಡು ತಿದ್ದುಪಡಿ ಹೇಳಿ ಫೋನ್ ಇಟ್ಟುಬಿಡುವಷ್ಟು ಸಣ್ಣ ಪ್ರಶ್ನೆ ಇದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವ ತುಮಕೂರು, ಕೋಲಾರದ ಬಯಲುಸೀಮೆಯಲ್ಲಿ ಈ ಕಾಯಿಲೆ ಮೊದಲು ಕಾಣಿಸಿಕೊಳ್ಳುವ ಜಾಗ ಎಷ್ಟೋ ಬಾರಿ ಅಂಗಾಲೇ. ಹೊಸ ಚಿಕಿತ್ಸೆಯ ಸುದ್ದಿ ಇಂಥ ಮನೆಗಳಿಗೆ ಬರುವ ವೇಗಕ್ಕೂ ಅದರ ಹಿಂದಿನ ಪುರಾವೆ ಬೆಳೆಯುವ ವೇಗಕ್ಕೂ ತಾಳೆ ಇಲ್ಲ.

ಮೊದಲು ಹೆಸರಿನ ಗೊಂದಲ. ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಹಳದಿ ದ್ರವವೂ ಪ್ಲಾಸ್ಮಾ, ವಿದ್ಯುತ್ತಿನ ಹೊಡೆತಕ್ಕೆ ಅಣುಗಳು ಒಡೆದು ಎಲೆಕ್ಟ್ರಾನು ಮತ್ತು ಅಯಾನುಗಳಾದ ಅನಿಲವೂ ಪ್ಲಾಸ್ಮಾ. ಎರಡನೆಯದಕ್ಕೆ ಆ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ. ಆಗ ಅವರ ಮನಸ್ಸಿನಲ್ಲಿ ಇದ್ದದ್ದು ರಕ್ತದ ಪ್ಲಾಸ್ಮಾವೇ, ಅದು ರಕ್ತಕಣಗಳನ್ನು ಹೊತ್ತೊಯ್ಯುವ ಬಗೆ ಈ ಅನಿಲವನ್ನು ನೋಡಿ ಅವರಿಗೆ ನೆನಪಾಯಿತು ಎಂದು ಜೊತೆಗಿದ್ದ ಸಹೋದ್ಯೋಗಿ ಮುಂದೆ ಬರೆದರು. ಹೀಗಾಗಿ ದೊಡ್ಡಮ್ಮನ ಗೊಂದಲಕ್ಕೆ ಸುಮಾರು ನೂರು ವರ್ಷದ ಇತಿಹಾಸವಿದೆ.

ಗೊಂದಲ ಇನ್ನೂ ಒಂದು ಸುತ್ತು ಹೆಚ್ಚಾಗುವುದು ರಕ್ತದ ಪ್ಲಾಸ್ಮಾವನ್ನೂ ಗಾಯಕ್ಕೆ ಬಳಸುವುದರಿಂದ. ರೋಗಿಯದೇ ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಭಾಗವನ್ನು ತೆಗೆದು ಗಾಯಕ್ಕೆ ಹಾಕುತ್ತಾರೆ. ಅದನ್ನು ಪಿಆರ್‌ಪಿ ಎನ್ನುತ್ತಾರೆ. ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಬೆಳವಣಿಗೆಯ ಅಂಶಗಳು ಹೊಸ ಚರ್ಮ, ಹೊಸ ರಕ್ತನಾಳ ಹುಟ್ಟಲು ಪ್ರಚೋದನೆ ಕೊಡುತ್ತವೆ ಎಂಬುದು ಅದರ ಹಿಂದಿನ ತರ್ಕ. ಕುಷ್ಠರೋಗಿಗಳ ಪಾದದ ಹುಣ್ಣಿಗೂ ಕೂದಲು ಉದುರುವುದಕ್ಕೂ ನಮ್ಮ ದೇಶದಲ್ಲಿ ಅದು ಬಳಕೆಯಲ್ಲಿದೆ. ದೊಡ್ಡಮ್ಮ ನೆನಪಿಸಿಕೊಂಡ ಕೊರೊನಾ ಪ್ಲಾಸ್ಮಾ ಇವೆರಡೂ ಅಲ್ಲದ ಮೂರನೆಯದು: ಗುಣಮುಖರಾದವರ ರಕ್ತದಿಂದ ತೆಗೆದದ್ದು. ಅದಕ್ಕಾಗಿ ಮನೆಯವರು ಊರೂರು ಅಲೆದರು. ಕೊನೆಗೆ ಐಸಿಎಂಆರ್ 464 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಸಾವು ತಪ್ಪಲಿಲ್ಲ, ರೋಗ ಉಲ್ಬಣಿಸುವುದೂ ತಪ್ಪಲಿಲ್ಲ ಎಂದು ತಿಳಿದು, 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸೆಯ ಮಾರ್ಗಸೂಚಿಯಿಂದಲೇ ಕೈಬಿಟ್ಟರು. ಪುರಾವೆಗಿಂತ ಮೊದಲು ಉತ್ಸಾಹ ಓಡಿದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ, ಅದೂ ಈಚೆಗೆ.

ವಿಡಿಯೊದಲ್ಲಿದ್ದದ್ದು ಅನಿಲದ ಪ್ಲಾಸ್ಮಾ. ಮನೆಯ ಹಳೆಯ ಟ್ಯೂಬ್‌ಲೈಟ್ ನೆನಪಿಸಿಕೊಂಡರೆ ಅದು ಅರ್ಥವಾಗುತ್ತದೆ. ಆ ಕೊಳವೆಯೊಳಗೆ ಬೆಳಗುವುದೂ ಪ್ಲಾಸ್ಮಾವೇ. ಅದರ ಎಲೆಕ್ಟ್ರಾನುಗಳ ತಾಪ ಸಾವಿರಾರು ಡಿಗ್ರಿ, ಆದರೂ ಗಾಜನ್ನು ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೆ. ಎಲೆಕ್ಟ್ರಾನು ತೀರಾ ಹಗುರ, ಅನಿಲದ ಅಣು ಭಾರ. ರುಬ್ಬುಗುಂಡಿಗೆ ಸಾಸಿವೆ ಎರಚಿದರೆ ಸಾಸಿವೆ ಚಿಮ್ಮುತ್ತದೆಯೇ ಹೊರತು ಗುಂಡು ಅಲುಗುವುದಿಲ್ಲ. ಇದೇ ಸ್ಥಿತಿಯನ್ನು ಕೊಳವೆಯ ಹೊರಗೆ, ನಾವು ಉಸಿರಾಡುವ ಗಾಳಿಯ ಒತ್ತಡದಲ್ಲೇ ಉಂಟುಮಾಡಿ ಚರ್ಮಕ್ಕೆ ತಾಗಿಸಿದರೆ ಅದು 'ಶೀತಲ ಪ್ಲಾಸ್ಮಾ'. ಚರ್ಮದ ಮೇಲೆ ಅದರ ತಾಪ ನಲವತ್ತು ಡಿಗ್ರಿ ದಾಟದಂತೆ ಯಂತ್ರವನ್ನು ರೂಪಿಸಿರುತ್ತಾರೆ. ನೋಡಲು ಜ್ವಾಲೆ, ಸುಡುವುದಿಲ್ಲ.

ಸುಡದಿದ್ದರೆ ಅದು ಮಾಡುವುದಾದರೂ ಏನು? ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ, ತೇವಾಂಶವನ್ನೆಲ್ಲ ಒಡೆದು ಚುರುಕಾದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಓಜೋನ್, ನೈಟ್ರಿಕ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್, ಕಣ್ಣು ಮಿಟುಕಿಸುವಷ್ಟರಲ್ಲಿ ಹುಟ್ಟಿ ಸಾಯುವ ಹೈಡ್ರಾಕ್ಸಿಲ್ ಇತ್ಯಾದಿ. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೊರೆಯಬಲ್ಲವು. ಇವುಗಳಲ್ಲಿ ಕೆಲವನ್ನು ನಮ್ಮ ದೇಹದ ಜೀವಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ತೀರಾ ಸಣ್ಣ ಪ್ರಮಾಣದಲ್ಲಿ ಬಳಸುತ್ತವೆ ಎಂಬುದು ಇದಕ್ಕಿಂತ ಕುತೂಹಲದ ಸಂಗತಿ. ಪ್ರಮಾಣ ಕಡಿಮೆಯಿದ್ದರೆ ಎಚ್ಚರಿಕೆಯ ಗಂಟೆ, ಹೆಚ್ಚಾದರೆ ವಿಷ.

ಇದನ್ನು ಗಾಯದ ಮೇಲೆ ಪರೀಕ್ಷಿಸುವ ಕೆಲಸ ಹೆಚ್ಚಾಗಿ ನಡೆದಿರುವುದು ಜರ್ಮನಿಯಲ್ಲಿ. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬಾಹ್ಯಾಕಾಶದ ಪ್ಲಾಸ್ಮಾವನ್ನು ಅಭ್ಯಾಸ ಮಾಡುತ್ತಿದ್ದವರು ಚರ್ಮವೈದ್ಯರ ಜೊತೆ ಸೇರಿ ನಡೆಸಿದ, 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 36 ರೋಗಿಗಳ ಹಳೆಯ, ಸೋಂಕಿರುವ ಗಾಯಗಳಿಗೆ ದಿನಕ್ಕೆ ಐದು ನಿಮಿಷ ಆರ್ಗಾನ್ ಪ್ಲಾಸ್ಮಾ ಕೊಟ್ಟರು. ಬ್ಯಾಕ್ಟೀರಿಯಾ ಶೇ 34ರಷ್ಟು ಕಡಿಮೆಯಾಯಿತು. ಸುದ್ದಿಯ ಶೀರ್ಷಿಕೆಗೆ ಇದು ದೊಡ್ಡ ಸಂಖ್ಯೆ. ಸೂಕ್ಷ್ಮಜೀವಿಗಳನ್ನು ಬಲ್ಲವರಿಗೆ ಹಾಗೆ ಕಾಣುವುದಿಲ್ಲ. ಕೀವಿರುವ ಗಾಯದಲ್ಲಿ ಬ್ಯಾಕ್ಟೀರಿಯಾಗಳ ಲೆಕ್ಕ ಲಕ್ಷ, ಕೋಟಿಗಳಲ್ಲಿ. ನೂರರಲ್ಲಿ ಮೂವತ್ತನಾಲ್ಕು ಸತ್ತು ಅರವತ್ತಾರು ಉಳಿದರೆ, ಅನುಕೂಲವಿದ್ದಾಗ ಅವು ಒಂದೆರಡು ಗಂಟೆಯಲ್ಲಿ ಆ ಕೊರತೆಯನ್ನು ತುಂಬಿಕೊಳ್ಳಬಲ್ಲವು.

ಹತ್ತು ವರ್ಷದ ನಂತರ, 2020ರಲ್ಲಿ, ಜರ್ಮನಿಯಲ್ಲೇ ಮಧುಮೇಹಿಗಳ ಪಾದದ ಹುಣ್ಣಿನ ಮೇಲೆ ಹೆಚ್ಚು ಬಿಗಿಯಾಗಿ ನಡೆಸಿದ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ಪ್ಲಾಸ್ಮಾ, ಇನ್ನೊಂದಕ್ಕೆ ಹುಸಿ ಚಿಕಿತ್ಸೆ. ಪ್ಲಾಸ್ಮಾ ಪಡೆದವರ ಹುಣ್ಣು ಬೇಗ ಕುಗ್ಗಿತು. ಆದರೆ ಸೋಂಕಿನ ಲೆಕ್ಕದಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಡೀ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಫಲಿತಾಂಶ. ಪ್ಲಾಸ್ಮಾ ಕ್ರಿಮಿ ಕೊಲ್ಲುವುದರಿಂದ ಗಾಯ ಮಾಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬಹುಶಃ ಅದು ಹಾಗೆ ಕೆಲಸ ಮಾಡುತ್ತಿಲ್ಲ. ತಿಂಗಳುಗಟ್ಟಲೆ ಮರಗಟ್ಟಿದ ಗಾಯದ ಅಂಚಿನ ಜೀವಕೋಶಗಳನ್ನು ತಟ್ಟಿ ಎಬ್ಬಿಸುತ್ತಿದೆ. ಹಾಗಾದರೆ ಕ್ರಿಮಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇನ್ನೊಬ್ಬರು ಬೇಕು. ಜೇನು ಈ ಕಥೆಯೊಳಗೆ ಬರುವುದು ಅಲ್ಲಿ.

ಮಧುಗಿರಿ ಎಂಬ ಹೆಸರೇ ಜೇನಿನಿಂದ ಬಂದದ್ದು ಎನ್ನುತ್ತಾರೆ. ಬೆಟ್ಟದ ತುಂಬ ಹೆಜ್ಜೇನು ಕಟ್ಟುತ್ತಿತ್ತಂತೆ. ಹಳಬರ ಬಾಯಲ್ಲಿ ಅದು ಈಗಲೂ ಮದ್ದಗಿರಿ. ಜೇನು, ಮದ್ದು ಎರಡನ್ನೂ ಒಂದೇ ಹೆಸರಿನಲ್ಲಿ ಕೇಳಿಸಿಕೊಂಡು ಬೆಳೆದ ನಮಗೆ ಗಾಯಕ್ಕೆ ಜೇನು ಹಚ್ಚುವುದು ವಿಚಿತ್ರವೆನಿಸದು. ಸುಶ್ರುತ ಸಂಹಿತೆ ಗಾಯಕ್ಕೆ ಜೇನು ಮತ್ತು ತುಪ್ಪವನ್ನು ಸೇರಿಸಿ ಹೇಳುತ್ತದೆ. ಪ್ರಾಚೀನ ಈಜಿಪ್ಟಿನವರು ಕೊಬ್ಬು, ಜೇನು, ನಾರು ಸೇರಿಸಿ ಕಟ್ಟುತ್ತಿದ್ದರು. ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಏನನ್ನಾದರೂ ಒಪ್ಪಬೇಕಾದರೆ ಗಾಯಕ್ಕೆ ಸಗಣಿ ಮೆತ್ತುವುದನ್ನೂ ಒಪ್ಪಬೇಕಾಗುತ್ತದೆ. ಜೇನಿನ ಪರವಾಗಿ ವಯಸ್ಸಿಗಿಂತ ಗಟ್ಟಿಯಾದ ಸಾಕ್ಷಿ ಇದೆ.

ಜೇನಿನಲ್ಲಿ ನೀರು ನೂರಕ್ಕೆ ಹದಿನೇಳು ಹದಿನೆಂಟು ಭಾಗ, ಉಳಿದದ್ದು ಬಹುಪಾಲು ಸಕ್ಕರೆ. ಇಷ್ಟು ಗಟ್ಟಿ ಸಕ್ಕರೆ ಸುತ್ತಲಿನ ನೀರನ್ನೆಲ್ಲ ತನ್ನತ್ತ ಎಳೆಯುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ, ಬ್ಯಾಕ್ಟೀರಿಯಾ ನೀರಿಲ್ಲದೆ ಸೊರಗುತ್ತದೆ. ಗಾಯದ ಆಳದಿಂದ ಒಸರುವ ದ್ರವವೂ ಮೇಲೆ ಬಂದು ಸತ್ತ ಅಂಶವನ್ನು ಸಡಿಲಿಸುತ್ತದೆ. ಜೇನು ಹುಳಿ ಕೂಡ. ಅದರ ಪಿಎಚ್ ಸುಮಾರು ನಾಲ್ಕರ ಆಸುಪಾಸು. ಹಳೆಯ ಗಾಯ ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ, ಅಲ್ಲಿ ಹೊಸ ಅಂಗಾಂಶವನ್ನು ಕರಗಿಸುವ ಕಿಣ್ವಗಳದೇ ಕಾರುಬಾರು. ಜೇನಿನ ಹುಳಿ ಅವುಗಳ ಕೈ ಕಟ್ಟುತ್ತದೆ.

ಮೂರನೆಯ ಗುಣ ಜೇನುನೊಣದ ಕೊಡುಗೆ. ನೊಣ ತನ್ನ ತಲೆಯ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಜೇನಿಗೆ ಬೆರೆಸುತ್ತದೆ. ಗಟ್ಟಿ ಜೇನಿನಲ್ಲಿ ಅದು ಮಲಗಿರುತ್ತದೆ. ಗಾಯದ ದ್ರವ ಸೇರಿ ಜೇನು ತೆಳುವಾದೊಡನೆ ಎದ್ದು ಗ್ಲೂಕೋಸಿನಿಂದ ಹೈಡ್ರೊಜನ್ ಪೆರಾಕ್ಸೈಡ್ ತಯಾರಿಸಲು ತೊಡಗುತ್ತದೆ. ಗಾಯ ತೊಳೆಯುವಾಗ ಬುರುಬುರು ನೊರೆ ಬರುವ ದ್ರಾವಣವಿದೆಯಲ್ಲ, ಅದೇ ರಾಸಾಯನಿಕ. ಆದರೆ ಪ್ರಮಾಣ ಆ ದ್ರಾವಣದ ಸುಮಾರು ಸಾವಿರದ ಒಂದು ಪಾಲು, ಮತ್ತು ಒಮ್ಮೆಗೇ ಅಲ್ಲ, ಗಂಟೆಗಟ್ಟಲೆ ಸಣ್ಣಗೆ ಜಿನುಗುತ್ತದೆ. ನೊರೆಯ ದ್ರಾವಣ ಬ್ಯಾಕ್ಟೀರಿಯಾದ ಜೊತೆಗೆ ಹೊಸ ಜೀವಕೋಶಗಳನ್ನೂ ಸುಡುತ್ತದೆ. ಜೇನು ಅಷ್ಟು ಒರಟಲ್ಲ. ನ್ಯೂಜಿಲೆಂಡಿನ ಮನುಕಾ ಗಿಡದ ಜೇನಿನ ದಾರಿ ಬೇರೆ. ಅದರಲ್ಲಿ ಮಿಥೈಲ್‌ಗ್ಲೈಆಕ್ಸಾಲ್ ಎಂಬ ಇನ್ನೊಂದು ಅಂಶ ಕೆಲಸ ಮಾಡುತ್ತದೆ, ಹಾಗಾಗಿ ಪೆರಾಕ್ಸೈಡ್ ಇಲ್ಲದೆಯೂ ಅದರ ಶಕ್ತಿ ಉಳಿಯುತ್ತದೆ. ಜಗತ್ತಿನ ಮಾರುಕಟ್ಟೆಯಲ್ಲಿ 'ವೈದ್ಯಕೀಯ ಜೇನು' ಎಂದು ಮಾರಾಟವಾಗುವುದರಲ್ಲಿ ಮನುಕಾ ಜೇನಿನ ಪಾಲು ದೊಡ್ಡದು.

ರೋಗಿಗಳ ಮೇಲಿನ ಪರೀಕ್ಷೆಯ ಹೆಸರಾದ ಕಥೆಯೊಂದು ನಮ್ಮ ನೆರೆಯಲ್ಲೇ ನಡೆದದ್ದು. ಸೊಲ್ಲಾಪುರದ ಶಸ್ತ್ರಚಿಕಿತ್ಸಕ ಎಂ. ಸುಬ್ರಹ್ಮಣ್ಯಂ ಅವರು ಸುಟ್ಟ ಗಾಯದ 104 ರೋಗಿಗಳಲ್ಲಿ ಅರ್ಧ ಜನರಿಗೆ ಜೇನನ್ನೂ ಉಳಿದರ್ಧಕ್ಕೆ ಆಗ ರೂಢಿಯಲ್ಲಿದ್ದ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ಹಚ್ಚಿ, 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಏಳು ದಿನದಲ್ಲಿ ಜೇನಿನ ಗುಂಪಿನ ಶೇ 91ರಷ್ಟು ಗಾಯಗಳು ಕ್ರಿಮಿಮುಕ್ತವಾದವು, ಮುಲಾಮಿನ ಗುಂಪಿನಲ್ಲಿ ಸೋಂಕು ಹತೋಟಿಗೆ ಬಂದದ್ದು ಶೇ 7ರಲ್ಲಿ. ಇಷ್ಟು ದೊಡ್ಡ ಅಂತರ ಕಂಡಾಗ ಹಿಗ್ಗುವುದರ ಜೊತೆಗೆ ಹುಬ್ಬನ್ನೂ ಸ್ವಲ್ಪ ಏರಿಸಬೇಕು. ಮುಂದೆ ಸುಟ್ಟ ಗಾಯಕ್ಕೆ ಜೇನಿನ ಪುರಾವೆ ಎಂದು ಎಲ್ಲರೂ ಎತ್ತಿ ತೋರಿಸಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಇದೇ ಒಂದು ಕೇಂದ್ರದಿಂದ ಬಂದವು ಎಂಬುದನ್ನು ವಿಮರ್ಶಕರು ಗುರುತಿಸಿದರು. ಬೇರೆ ಬೇರೆ ಕೈಗಳಲ್ಲಿ ಅದೇ ಫಲ ಬರಬೇಕು, ಆಗ ನಂಬಿಕೆ ಗಟ್ಟಿಯಾಗುತ್ತದೆ.

2015ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ವಿಮರ್ಶಿಸುವ ಕಾಕ್ರೇನ್ ಸಂಸ್ಥೆ 26 ಪರೀಕ್ಷೆಗಳನ್ನು, ಒಟ್ಟು 3011 ಜನರ ವಿವರವನ್ನು ಒಟ್ಟುಗೂಡಿಸಿ ತೂಗಿತು. ಚರ್ಮದ ಮೇಲುಪದರಗಳಷ್ಟೇ ಸುಟ್ಟ ಗಾಯ ಸಾಂಪ್ರದಾಯಿಕ ಪಟ್ಟಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಮೊದಲೇ ಮಾಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಸೋಂಕಾದ ಗಾಯಕ್ಕೂ ಅದು ಒಳ್ಳೆಯದು. ಕಾಲಿನಿಂದ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ ಕೆಟ್ಟು ಆಗುವ ಹುಣ್ಣಿಗೆ ಪ್ರಯೋಜನ ಕಾಣಲಿಲ್ಲ. ಮಧುಮೇಹಿಗಳ ಪಾದದ ಹುಣ್ಣಿಗೆ? ಹೌದೆನ್ನಲೂ ಇಲ್ಲವೆನ್ನಲೂ ಪುರಾವೆ ಸಾಲದು. ಅಂದರೆ ನಮ್ಮ ದೊಡ್ಡಮ್ಮನಿಗೆ ಬೇಕಾಗಿದ್ದ ಉತ್ತರದ ಜಾಗದಲ್ಲೇ ಖಾಲಿ.

ಈಗ ಎರಡನ್ನೂ ಒಟ್ಟಿಗೆ ಇಡೋಣ. ಶೀತಲ ಪ್ಲಾಸ್ಮಾ, ಜೇನು ಎರಡರ ಕೈಯಲ್ಲೂ ಹೈಡ್ರೊಜನ್ ಪೆರಾಕ್ಸೈಡ್ ಇದೆ. ಒಂದು ಜಡಿಮಳೆಯ ಹಾಗೆ ಒಮ್ಮೆ ಸುರಿದು ನಿಲ್ಲುತ್ತದೆ, ಇನ್ನೊಂದು ಸೋನೆಯ ಹಾಗೆ ದಿನವಿಡೀ ಹನಿಯುತ್ತದೆ. ಮೊದಲು ಜಡಿ, ಆಮೇಲೆ ಸೋನೆ ಎಂಬ ಕ್ರಮ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ರಸಾಯನಶಾಸ್ತ್ರದ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ಲಾಸ್ಮಾ ತಾಗಿದ ದ್ರವದಲ್ಲಿ ನೈಟ್ರೈಟ್ ಉಳಿಯುತ್ತದೆ. ನೈಟ್ರೈಟ್ ಮತ್ತು ಪೆರಾಕ್ಸೈಡ್ ಹುಳಿಯಲ್ಲಿ ಸೇರಿದರೆ ಇನ್ನಷ್ಟು ತೀಕ್ಷ್ಣವಾದ ಕ್ರಿಮಿನಾಶಕ ಹುಟ್ಟುತ್ತದೆ, ಹುಳಿಯಿಲ್ಲದೆ ಅದು ಹುಟ್ಟುವುದು ಕಡಿಮೆ. ಜೇನಿನಲ್ಲಿ ಹುಳಿ ಇದೆ. ಪ್ಲಾಸ್ಮಾ ಬಿಟ್ಟುಹೋದ ಸಾಮಗ್ರಿಗೆ ಜೇನು ಒಲೆ ಹಚ್ಚಬಹುದು ಎಂಬುದು ಈ ಲೆಕ್ಕದ ಆಶಯ.

ಆದರೆ ಅದೇ ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು. ಜೇನಿನಲ್ಲಿ, ಅದರಲ್ಲೂ ಕಡುಬಣ್ಣದ ಜೇನಿನಲ್ಲಿ, ಉತ್ಕರ್ಷಣವನ್ನು ತಡೆಯುವ ಪಾಲಿಫಿನಾಲ್‌ಗಳು ಧಾರಾಳವಾಗಿವೆ. ಪ್ಲಾಸ್ಮಾ ಹುಟ್ಟಿಸಿದ ಚುರುಕು ಸಂಯುಕ್ತಗಳನ್ನು ಹಿಡಿದು ಸುಮ್ಮನಾಗಿಸುವುದೇ ಅವುಗಳ ಕೆಲಸ. ಆರೋಗ್ಯದ ಜಾಹೀರಾತುಗಳಲ್ಲಿ ಜೇನಿನ ಹಿರಿಮೆ ಎಂದು ಸಾರುವ ಗುಣವೇ ಇಲ್ಲಿ ಅಡ್ಡಗಾಲಾಗಬಹುದು. ಹೀಗಾಗಿ ಕ್ರಮ ಮುಖ್ಯ. ಜೇನು ಬಳಿದು ಅದರ ಮೇಲೆ ಪ್ಲಾಸ್ಮಾ ಬಿಟ್ಟರೆ ಅದರ ಶಕ್ತಿ ಬಹುಪಾಲು ಜೇನಿನ ಮೇಲುಪದರದಲ್ಲೇ ಮುಗಿಯುತ್ತದೆ, ಗಾಯಕ್ಕೆ ಹೆಚ್ಚೇನೂ ತಲುಪಲಿಕ್ಕಿಲ್ಲ. ಗಾಯ ತೊಳೆದು, ಒರೆಸಿ, ಪ್ಲಾಸ್ಮಾ ಕೊಟ್ಟು, ಆಮೇಲೆ ಜೇನಿನ ಪಟ್ಟಿ ಕಟ್ಟುವುದೇ ಸರಿಯಾದ ಕ್ರಮವಿರಬೇಕು. ಎಷ್ಟು ಹೊತ್ತಿನ ನಂತರ ಎಂಬುದೂ ಪ್ರಶ್ನೆಯೇ.

ಇದನ್ನೆಲ್ಲ ಯಾರೂ ಪರೀಕ್ಷಿಸಿಯೇ ಇಲ್ಲವೆಂದಲ್ಲ. ಇಂಡೋನೇಷ್ಯಾದ ಸಂಶೋಧಕರು ತಮ್ಮ ದೇಶದ ಜೇನು ಮತ್ತು ಶೀತಲ ಪ್ಲಾಸ್ಮಾವನ್ನು ಸೇರಿಸಿ ಗಾಯಕ್ಕೆ ಬಳಸಿದ ಪ್ರಯೋಗ 2017ರಲ್ಲಿ ಪ್ರಕಟವಾಗಿದೆ. ವಿಡಿಯೊ ಮಾಡಿದವರು ಹೇಳಲು ಮರೆತ ವಿವರವೆಂದರೆ ಆ ಗಾಯಗಳು ಸುಂಡಿಲಿಗಳವು. ಇಲಿಗೂ ನಮಗೂ ಚರ್ಮ ಚರ್ಮವೇ ಅನಿಸಬಹುದು, ಆದರೆ ಹಾಗಲ್ಲ. ಇಲಿಯ ಚರ್ಮ ಮೈಗೆ ಅಂಟಿಕೊಂಡಿಲ್ಲ, ಸಡಿಲ ಅಂಗಿಯ ಹಾಗೆ. ಅದರ ಕೆಳಗೆ ತೆಳುವಾದ ಸ್ನಾಯುಪದರವೊಂದಿದೆ. ಗಾಯವಾದಾಗ ಆ ಪದರ ಲಾಡಿ ಎಳೆದ ಹಾಗೆ ಗಾಯದ ಬಾಯನ್ನು ಮುಚ್ಚಿಬಿಡುತ್ತದೆ. ನಮ್ಮ ಅಂಗಾಲಿನ ಚರ್ಮ ಕೆಳಗಿನ ಅಂಗಾಂಶಕ್ಕೆ ಬಿಗಿಯಾಗಿ ಹೊಲಿದಂತಿರುತ್ತದೆ. ಅಲ್ಲಿ ಗುಂಡಿ ತಳದಿಂದ ಹೊಸ ಮಾಂಸ ತುಂಬಿಕೊಂಡು ಬರಬೇಕು, ಅಂಚಿನಿಂದ ಚರ್ಮ ಒಂದೊಂದೇ ಕೂದಲೆಳೆಯಷ್ಟು ತೆವಳಿಕೊಂಡು ಬರಬೇಕು. ಮೇಲಾಗಿ ಪ್ರಯೋಗದ ಇಲಿಯ ಗಾಯ ಅಂದೇ ಕತ್ತರಿಸಿದ ಶುಭ್ರ ಗಾಯ. ಎರಡು ತಿಂಗಳು ಕೀವು ತುಂಬಿದ್ದ, ರಕ್ತ ಸರಿಯಾಗಿ ಹರಿಯದ, ನೋವು ತಿಳಿಯದ ಪಾದವನ್ನು ಇಲಿಯಲ್ಲಿ ಸೃಷ್ಟಿಸುವುದು ಸುಲಭವಲ್ಲ.

ಮನುಷ್ಯರಲ್ಲಿ ಇದನ್ನು ತೀರ್ಮಾನಿಸಲು ನಾಲ್ಕು ಗುಂಪು ಬೇಕು: ಬರೀ ಮಾಮೂಲು ಪಟ್ಟಿ, ಜೇನು ಮಾತ್ರ, ಪ್ಲಾಸ್ಮಾ ಮಾತ್ರ, ಎರಡೂ. ಎರಡೂ ಸೇರಿದ ಗುಂಪು ಮೊದಲ ಗುಂಪಿಗಿಂತ ಮುಂದೆ ಬಂದರೆ ಸಾಲದು, ನಡುವಿನ ಎರಡು ಗುಂಪಿಗಿಂತಲೂ ಮುಂದೆ ಬರಬೇಕು. ಇಲ್ಲದಿದ್ದರೆ ಜೇನೊಂದೇ ಮಾಡಬಹುದಾದ ಕೆಲಸಕ್ಕೆ ದುಬಾರಿ ಯಂತ್ರದ ಬಾಡಿಗೆ ಕಟ್ಟಿದಂತಾಗುತ್ತದೆ. ಬಾಡಿಗೆಯ ಮಾತು ಸುಮ್ಮನೆ ಎತ್ತಿದ್ದಲ್ಲ. ಪೆನ್ನಿನ ಆಕಾರದ ಪ್ಲಾಸ್ಮಾ ಸಾಧನದಲ್ಲಿ ಒಂದು ಚದರ ಸೆಂಟಿಮೀಟರಿಗೆ ಅರ್ಧದಿಂದ ಒಂದು ನಿಮಿಷ ಕೊಡುವುದು ವಾಡಿಕೆ. ಹತ್ತು ಸೆಂಟಿಮೀಟರ್ ಉದ್ದ, ಎಂಟು ಅಗಲದ ಗಾಯಕ್ಕೆ ನಲವತ್ತರಿಂದ ಎಂಬತ್ತು ನಿಮಿಷ. ಹೊರರೋಗಿ ವಿಭಾಗದ ಮುಂದೆ ಸಾಲುಗಟ್ಟಿದ ಜನರನ್ನು ನೋಡಿದವರಿಗೆ ಈ ಲೆಕ್ಕ ಅರ್ಥವಾಗುತ್ತದೆ. ಅಗಲ ಬಾಯಿಯ ಯಂತ್ರಗಳೂ ಇವೆ, ಬೆಲೆಯೂ ಬಾಯಿಯಷ್ಟೇ ಅಗಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಂಥ ಕಡೆ ದೇಶೀ ತಂತ್ರಜ್ಞಾನ ಬೆಳೆಸುವ ಸಾಮರ್ಥ್ಯವಿದೆ. ಆದರೆ ತಾಲ್ಲೂಕು ಆಸ್ಪತ್ರೆಯ ಡ್ರೆಸಿಂಗ್ ಕೋಣೆಗೆ ಆ ಪೆನ್ನು ಬರುವ ದಿನ ಹತ್ತಿರವಿದೆ ಎಂದು ನಾನು ಬಾಜಿ ಕಟ್ಟಲಾರೆ.

ಜೇನಾದರೋ ಇಂದೇ ಕೈಗೆ ಸಿಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಪರೀಕ್ಷೆಗಳಲ್ಲಿ ಬಳಸಿದ ವೈದ್ಯಕೀಯ ಜೇನನ್ನು ಗಾಮಾ ಕಿರಣದಲ್ಲಿ ಶುದ್ಧಗೊಳಿಸಿರುತ್ತಾರೆ. ಜೇನು ಎಷ್ಟೇ ಕ್ರಿಮಿನಾಶಕವಾಗಿದ್ದರೂ ಬಾಟುಲಿಸಂ ರೋಗದ ಬೀಜಕಣಗಳು ಅದರಲ್ಲಿ ಸಾಯದೆ ಮಲಗಿರಬಲ್ಲವು. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ ಎನ್ನುವುದು ಇದೇ ಕಾರಣಕ್ಕೆ. ಕಾಯಿಸಿ ಶುದ್ಧ ಮಾಡೋಣವೆಂದರೆ ಬಿಸಿಗೆ ಆ ಕಿಣ್ವವೇ ಸಾಯುತ್ತದೆ, ಪೆರಾಕ್ಸೈಡ್ ನಿಂತುಹೋಗುತ್ತದೆ. ಗಾಮಾ ಕಿರಣ ಬೀಜಕಣವನ್ನು ಕೊಂದು ಕಿಣ್ವವನ್ನು ಉಳಿಸುತ್ತದೆ. ಅಂಗಡಿಯ ಬಾಟಲಿಯ ಜೇನು ಹರಳುಗಟ್ಟದಿರಲಿ, ಹುಳಿಯದಿರಲಿ ಎಂದು ಮೊದಲೇ ಬಿಸಿ ಕಂಡಿರುತ್ತದೆ. ಇನ್ನು ಕಲಬೆರಕೆ. ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ ಹೊರತಂದ ವರದಿಯಲ್ಲಿ, ಜರ್ಮನಿಯ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ದೇಶದ 13 ಬ್ರ್ಯಾಂಡ್‌ಗಳಲ್ಲಿ 10 ಅನುತ್ತೀರ್ಣವಾಗಿದ್ದವು. ಕಂಪನಿಗಳು ಅದನ್ನು ಅಲ್ಲಗಳೆದವು. ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ ಎನ್ನುವ ಗಾದೆ ಮರದ ಕೆಳಗೆ ನಿಂತವನಿಗೆ ಹೇಳಿದ್ದು, ಕಾರ್ಖಾನೆಗೂ ಒಪ್ಪುತ್ತದೆ. ಕಲಬೆರಕೆಗೆ ಬಳಸುವ, ಅಕ್ಕಿಯಿಂದ ತೆಗೆದ ಸಕ್ಕರೆ ಪಾಕ ನೀರನ್ನೇನೋ ಎಳೆಯುತ್ತದೆ, ಆದರೆ ಅದಕ್ಕೆ ನೊಣದ ಕಿಣ್ವವನ್ನು ಕೊಟ್ಟವರು ಯಾರು?

ಬೆಟ್ಟದ ಜೇನು ಅಸಲಿ ಎನ್ನುವವರಿಗೂ ಒಂದು ಮಾತು. ಹೆಜ್ಜೇನಿನ ತೊಟ್ಟಿಯನ್ನು ಹೊಗೆ ಹಾಕಿ ಕಿತ್ತು, ಮರಿಹುಳು ಸಮೇತ ಬಟ್ಟೆಯಲ್ಲಿ ಹಿಂಡಿ ತೆಗೆದ ಜೇನಿನಲ್ಲಿ ನೀರು ಹೆಚ್ಚು, ಕಸ ಹೆಚ್ಚು. ಬೇಗ ಹುಳಿಯುತ್ತದೆ. ತುಡುವೆ ಪೆಟ್ಟಿಗೆಯಿಂದ ಯಂತ್ರದಲ್ಲಿ ತಿರುಗಿಸಿ ತೆಗೆದದ್ದು ಇದಕ್ಕಿಂತ ಶುಭ್ರ. ಹಾಗೆಂದು ಅದರ ಶಕ್ತಿ ಎಷ್ಟೆಂದು ರುಚಿ ನೋಡಿ ಹೇಳಲಾಗದು. ಒಂದು ಜೇನಿನ ಕ್ರಿಮಿನಾಶಕ ಶಕ್ತಿಗೂ ಇನ್ನೊಂದರದ್ದಕ್ಕೂ ನೂರು ಪಟ್ಟಿನವರೆಗೆ ಅಂತರವಿರುವುದನ್ನು ಅಳೆದಿದ್ದಾರೆ. ನಮ್ಮ ಸೀಮೆಯ ಹೊಂಗೆ ಹೂವಿನ ಜೇನು, ಹುಣಸೆಯ ಜೇನು, ಕೋಲಾರದ ನೀಲಗಿರಿ ತೋಪುಗಳ ಜೇನು ಆ ಅಳತೆಗೋಲಿನಲ್ಲಿ ಎಲ್ಲಿ ನಿಲ್ಲುತ್ತವೆ? ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಜೇನಿನ ಹನಿ ಇಟ್ಟು, ಸುತ್ತ ಎಷ್ಟು ಅಗಲ ಖಾಲಿಯಾಯಿತೆಂದು ಅಳೆಯುವ ಸರಳ ಪರೀಕ್ಷೆ ಇದು. ಯಾವ ಕೃಷಿ ಅಥವಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾದರೂ ಒಂದು ಸೆಮಿಸ್ಟರಿನಲ್ಲಿ ಮಾಡಬಹುದು. ನೇರಳೆ ಜ್ವಾಲೆಯಷ್ಟು ಅಂದವಾಗಿ ಅದು ವಿಡಿಯೊದಲ್ಲಿ ಕಾಣುವುದಿಲ್ಲ, ನಿಜ.

ದೊಡ್ಡಮ್ಮ ನನ್ನ ಉತ್ತರಕ್ಕೆ ಕಾಯಲಿಲ್ಲ. ಬೆಟ್ಟದ ಜೇನು ತರುವವನಿಂದ ಒಂದು ಬಾಟಲಿ ಕೊಂಡು, ಹಳೆಯ ಸೀರೆಯ ಬಟ್ಟೆಯಲ್ಲಿ ಕಟ್ಟಿಕೊಂಡು ಮಲಗಿದರು. ನೆಲದ ಮೇಲೆ, ಚಾಪೆಯಲ್ಲಿ. ಬೆಳಿಗ್ಗೆ ಸೊಸೆ ನೋಡಿದಾಗ ಬಾಗಿಲ ಸಂದಿಯಿಂದ ಅಂಗಾಲಿನವರೆಗೆ ಕೆಂಪಿರುವೆಯ ಸಾಲು. ಸ್ಪರ್ಶವಿಲ್ಲದ ಕಾಲು, ಇರುವೆ ಕಚ್ಚಿದ್ದೂ ತಿಳಿದಿರಲಿಲ್ಲ. ಇದನ್ನು ಯಾವ ಸಂಶೋಧನಾ ಲೇಖನದಲ್ಲೂ ನಾನು ಓದಿಲ್ಲ. ಮಂಚದ ಕಾಲಿಗೆ ನೀರಿನ ಬಟ್ಟಲು ಇಡುವುದನ್ನು ಜರ್ಮನಿಯವರು ಏಕೆ ಬರೆಯುತ್ತಾರೆ?

ಮರುದಿನ ಅವರನ್ನು ತುಮಕೂರಿಗೆ ಕರೆತಂದೆವು. ವೈದ್ಯರು ಗಾಯಕ್ಕೆ ಏನು ಹಚ್ಚಿದ್ದೀರಿ ಎಂದು ಕೇಳಿದ್ದು ಕೊನೆಗೆ. ಮೊದಲು ಎರಡು ಬೆರಳಿನಿಂದ ಪಾದದ ನಾಡಿ ಹಿಡಿದು ನೋಡಿದರು, ರಕ್ತ ಇಳಿಯುತ್ತಿದೆಯೇ ಎಂದು. ನೈಲಾನ್ ಎಳೆಯೊಂದನ್ನು ಅಂಗಾಲಿನ ಹತ್ತು ಕಡೆ ಒತ್ತಿ "ಗೊತ್ತಾಗುತ್ತಾ ಅಮ್ಮ?" ಎಂದು ಕೇಳಿದರು. ಏಳು ಕಡೆ ಗೊತ್ತಾಗಲಿಲ್ಲ. ಮೂಳೆಗೆ ಸೋಂಕು ಮುಟ್ಟಿದೆಯೇ ನೋಡಲು ಎಕ್ಸ್‌ರೇ ತೆಗೆಸಿದರು. ಗಾಯದ ಸುತ್ತ ಕಟ್ಟಿದ್ದ ಗಟ್ಟಿ ಚರ್ಮವನ್ನೂ ಒಳಗಿನ ಸತ್ತ ಭಾಗವನ್ನೂ ಕತ್ತರಿಸಿ ತೆಗೆದಾಗ ಮುಳ್ಳಿನ ಮುರಿದ ತುದಿ ಹೊರಬಂತು. ಅಷ್ಟು ದಿನವೂ ಅದು ಒಳಗೇ ಇತ್ತು. ಅದರ ಮೇಲೆ ಜೇನು ಸುರಿದಿದ್ದರೇನು, ಸೂರ್ಯನ ಪ್ಲಾಸ್ಮಾವನ್ನೇ ಇಳಿಸಿದ್ದರೇನು!

ಆಮೇಲೆ ಹೇಳಿದ್ದು ಭಾರ ಇಳಿಸುವ ಮಾತು. ಆ ಪಾದದ ಮೇಲೆ ಮೈಭಾರ ಬೀಳಬಾರದು. ಹುಣ್ಣಿರುವ ಜಾಗಕ್ಕೆ ಹೆಜ್ಜೆ ಹೆಜ್ಜೆಗೂ ಒತ್ತಡ ಬೀಳುತ್ತಿದ್ದರೆ ಅಂಚಿನಿಂದ ತೆವಳಿಬರುವ ಚರ್ಮವನ್ನು ದಿನವೂ ತುಳಿದು ಅಳಿಸಿದಂತೆ. ಕೆಲವರಿಗೆ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಬಿಗಿಯಾದ ಪ್ಲಾಸ್ಟರ್ ಹಾಕುತ್ತಾರೆ, ದೊಡ್ಡಮ್ಮನಿಗೆ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಬರೆದುಕೊಟ್ಟು, ಹುಣ್ಣಿನ ಜಾಗಕ್ಕೆ ಸರಿಯಾಗಿ ಅದರಲ್ಲಿ ಗುಳಿ ಮಾಡಿಸಿದರು. ಇನ್ಸುಲಿನ್ ಶುರುವಾಯಿತು. ಜೇನಿನ ವಿಷಯ ನಾನೇ ಎತ್ತಿದೆ. ಶುದ್ಧೀಕರಿಸಿದ ಜೇನಿನ ಪಟ್ಟಿ ಸಿಗುತ್ತದೆ, ಬೇಕಿದ್ದರೆ ಹಾಕಬಹುದು, ಉಪ್ಪುನೀರಿನಲ್ಲಿ ತೊಳೆದು ಮಾಮೂಲು ಪಟ್ಟಿ ಕಟ್ಟಿದರೂ ಈ ಗಾಯ ಮಾಯಬೇಕು ಎಂದರು. ಗಾಯಕ್ಕೆ ಹಚ್ಚಿದ ಜೇನಿನಿಂದ ರಕ್ತದ ಸಕ್ಕರೆ ಏರುವುದೇ ಎಂದು ಸೊಸೆ ಕೇಳಿದಳು. ಇಷ್ಟು ಸಣ್ಣ ಗಾಯದಿಂದ ಏರುವ ಭಯವಿಲ್ಲ, ಬಾಯಿಂದ ಹೋಗುವುದನ್ನು ನೋಡಿಕೊಳ್ಳಿ ಎಂದು ಅವರು ನಕ್ಕರು.

ಹದಿನಾಲ್ಕು ವಾರ ಹಿಡಿಯಿತು. ಯುಗಾದಿಗೆ ಹೋದಾಗ ದೊಡ್ಡಮ್ಮ ಕಾಲನ್ನು ಬೆಳಕಿಗೆ ತಿರುಗಿಸಿ, ಹೊಸ ಚರ್ಮದ ಗುಲಾಬಿ ಬಿಲ್ಲೆಯನ್ನು ತೋರಿಸಿದರು. ಹಜಾರದಲ್ಲೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು, ದೇವರ ಕೋಣೆಗೆ ಮಾತ್ರ ಅದೇ ರಬ್ಬರಿನ ಇನ್ನೊಂದು ಜೊತೆ, ಅದು ಹೊರಗಿನ ನೆಲ ಮುಟ್ಟದ್ದು. ಗೂಡಿನಲ್ಲಿ ಅರ್ಧ ಬಾಟಲಿ ಜೇನು ಹಾಗೇ ಇತ್ತು, ಮೇಲೆ ನೊರೆ ಕಟ್ಟಿ ಹುಳಿಯಲು ಶುರುವಾಗಿತ್ತು. "ತಿನ್ನುವ ಹಾಗಿಲ್ಲ, ಹಚ್ಚುವ ಹಾಗಿಲ್ಲ. ಇದನ್ನು ಏನು ಮಾಡಲಪ್ಪ?" ಎಂದರು. ಹಿತ್ತಲಿನ ಹೊಂಗೆ ಮರದ ಬುಡಕ್ಕೆ ಸುರಿದು ಬಂದೆ. ಇರುವೆಗಳು ಬರಲು ಐದು ನಿಮಿಷವೂ ಬೇಕಾಗಲಿಲ್ಲ.